ಛಡಿ ಇಳಿಸಿದ ಕೈಗೆ ಏನು ಕೊಟ್ಟಿದ್ದೇವೆ?

ಮಧ್ಯಾಹ್ನ ಒಂದೂವರೆ ಗಂಟೆ. ಲಿಂಗಸೂಗೂರು ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಅಂಗಳದಲ್ಲಿ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ನಿಂತಿದ್ದಾರೆ. ಅಂದು ಮೊಟ್ಟೆಯ ದಿನ. ಎರಡನೆಯ ತರಗತಿಯ ಹುಡುಗನೊಬ್ಬ ಸಾಲಿನ ನಡುವೆ ನುಗ್ಗಿದ. ಹಿಂದಿದ್ದವನು ಅವನ ಅಂಗಿ ಹಿಡಿದು ಎಳೆದ. ಎಳೆದ ರಭಸಕ್ಕೆ ಗುಂಡಿ ಕಿತ್ತುಬಂತು. ನುಗ್ಗಿದವನು ತಿರುಗಿ ಕೈಯಲ್ಲಿದ್ದ ಸ್ಟೀಲ್ ತಟ್ಟೆಯಿಂದಲೇ ಬೀಸಿದ. ಹಿಂದಿದ್ದವನ ಹುಬ್ಬಿನ ಮೇಲೆ ಸಣ್ಣ ಗೀರು, ಒಂದು ಹನಿ ರಕ್ತ. ಶಿಕ್ಷಕರು ಓಡಿಬಂದು ಇಬ್ಬರ ಬೆನ್ನಿಗೂ ಒಂದೊಂದು ಬಾರಿಸಿ, "ಹೊಡೆದಾಡಬಾರದು ಎಂದು ಎಷ್ಟು ಸಲ ಹೇಳಬೇಕು?" ಎಂದು ಗದರಿದರು. ಸಾಲು ನೇರವಾಯಿತು. ಇಷ್ಟಕ್ಕೂ ಒಂದು ನಿಮಿಷ ಹಿಡಿದಿರಲಿಲ್ಲ.

ಆ ಶಿಕ್ಷಕ ನಾನೇ. 2021ರ ಡಿಸೆಂಬರ್‌ನಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿ ಸೇರಿದಂತೆ ಅಪೌಷ್ಟಿಕತೆ ಹೆಚ್ಚಿರುವ ನಮ್ಮ ಭಾಗದ ಜಿಲ್ಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡುವುದು ಶುರುವಾಗಿ ಆಗಿನ್ನೂ ಕೆಲವೇ ವಾರಗಳಾಗಿದ್ದವು. ತನ್ನ ಸರದಿ ಬರುವಷ್ಟರಲ್ಲಿ ಮೊಟ್ಟೆ ಮುಗಿದುಹೋದೀತು ಎಂಬ ಅಂಜಿಕೆ ಮಕ್ಕಳನ್ನು ಬಿಟ್ಟಿರಲಿಲ್ಲ. ಆ ಹುಡುಗ ನುಗ್ಗಿದ್ದು ಆ ಅಂಜಿಕೆಗೆ. ನಾನು ಅವನನ್ನು ಏನೂ ಕೇಳಲಿಲ್ಲ. ಹೊಡೆಯಬಾರದು ಎಂಬುದನ್ನು ಹೊಡೆದು ಹೇಳಿದೆ. ಸಂಜೆ ಬಸ್ಸಿನಲ್ಲಿ ಕೂತಾಗ ಇದು ಹೊಳೆದು ನಾಚಿಕೆಯಾಯಿತು. ಆದರೆ ನನಗೆ ನಾಚಿಕೆಯಾದ ಮಾತ್ರಕ್ಕೆ ಮರುದಿನದ ಸಾಲು ತಾನಾಗಿ ನೇರ ನಿಲ್ಲುವುದಿಲ್ಲ. ಕೈ ಎತ್ತದೆ ಆ ಸಾಲನ್ನು ನಡೆಸುವುದು ಹೇಗೆಂದು ಡಿ.ಎಡ್. ಓದುವಾಗಲೂ, ಆಮೇಲಿನ ಯಾವ ತರಬೇತಿಯಲ್ಲೂ ಯಾರೂ ನನಗೆ ಮಾಡಿ ತೋರಿಸಿರಲಿಲ್ಲ.

ಚಿಕ್ಕ ಮಕ್ಕಳ ಶಾಲೆಗಳಲ್ಲಿ ಹಿಂಸೆ ತಡೆಯುವ, ಒಬ್ಬರೊಡನೊಬ್ಬರು ಹೊಂದಿಕೊಂಡು ಬಾಳುವುದನ್ನು ಕಲಿಸುವ ಕಾರ್ಯಕ್ರಮಗಳ ಮಾತು ಈಗ ಎಲ್ಲ ಕಡೆ ಕೇಳುತ್ತಿದೆ. ದೆಹಲಿ ಸರ್ಕಾರ 2018ರಲ್ಲಿ ನರ್ಸರಿಯಿಂದ ಎಂಟನೆಯ ತರಗತಿಯವರೆಗೆ ಸಂತೋಷದ ಪಠ್ಯಕ್ರಮವನ್ನು ಆರಂಭಿಸಿತು. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದ ಮಕ್ಕಳ ಭಾವನೆಗಳ, ಒಡನಾಟದ ಬೆಳವಣಿಗೆಯನ್ನು ಅಕ್ಷರ ಮತ್ತು ಅಂಕಿಗಳ ಪಕ್ಕದಲ್ಲೇ ಇರಿಸಿತು. ಒಳ್ಳೆಯದೇ ಆಯಿತು. ಆದರೆ ಇಂಥ ಕಾರ್ಯಕ್ರಮ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಲಿಯುವ, ರಾಯಚೂರು ಜಿಲ್ಲೆಯ ಒಂದು ನಲಿ-ಕಲಿ ಕೋಣೆಗೆ ಬರುವಾಗ ಮೊದಲು ಎಲ್ಲಿಗೆ ಬರಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಮಗುವಿಗೆ ಪಾಠ ಹೇಳುವ ಮೊದಲು ಅದು ಶಿಕ್ಷಕರ ಕೈಗೆ ಬರಬೇಕು ಎಂಬುದು ನನ್ನ ವಾದ.

ಕಾನೂನಿಗೆ ಕೊರತೆಯಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2010ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಅದು ಏಕೆ ಬೇಕಾಗಿತ್ತು ಎಂಬುದಕ್ಕೆ ಎರಡು ಲೆಕ್ಕ ಸಾಕು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ 2007ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಶಾಲೆಗೆ ಹೋಗುವ ಮೂವರಲ್ಲಿ ಇಬ್ಬರು ಮಕ್ಕಳು ಏಟು ತಿಂದಿದ್ದರು. 2009-10ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಏಳು ರಾಜ್ಯಗಳ 6,632 ಮಕ್ಕಳನ್ನು ಕೇಳಿದಾಗ, ಯಾವ ಬಗೆಯ ಶಿಕ್ಷೆಯೂ ಆಗಿಲ್ಲ ಎಂದವರು ಬರೀ ಒಂಬತ್ತು ಮಂದಿ.

ಈಗ ಬೆತ್ತ ಮೊದಲಿನಷ್ಟು ಕಣ್ಣಿಗೆ ಬೀಳುವುದಿಲ್ಲ. ಮೇಜಿನ ಮೇಲಿದ್ದದ್ದು ಬೀರುವಿನ ಹಿಂದೆ ಹೋಗಿದೆ. ಕಿವಿ ಹಿಂಡುವುದು, ಬಸ್ಕಿ ಹೊಡೆಸುವುದು, ಮೊಣಕಾಲ ಮೇಲೆ ನಿಲ್ಲಿಸುವುದು, "ನೀನು ಎಮ್ಮೆ ಕಾಯಲಿಕ್ಕೇ ಲಾಯಕ್ಕು" ಎನ್ನುವುದು ಉಳಿದುಕೊಂಡಿವೆ. ಛಡಿ ಚಂ ಚಂ, ವಿದ್ಯೆ ಘಂ ಘಂ ಎಂಬ ಮಾತನ್ನು ನಮ್ಮ ಕಡೆಯ ಹಿರಿಯರು ಇಂದಿಗೂ ಅಭಿಮಾನದಿಂದಲೇ ಆಡುತ್ತಾರೆ. ಜೂನ್ ತಿಂಗಳಲ್ಲಿ ಮಗುವನ್ನು ಸೇರಿಸಲು ಬರುವ ತಂದೆ ಕೈಮುಗಿದು, "ಕಣ್ಣೆರಡು ಬಿಟ್ಟು ಎಲ್ಲಿಗೆ ಬೇಕಾದರೂ ಹೊಡೆಯಿರಿ ಸರ್, ನಾಲ್ಕು ಅಕ್ಷರ ಕಲಿಸಿರಿ" ಎನ್ನುತ್ತಾರೆ. ಅದು ಕ್ರೌರ್ಯದ ಮಾತು ಎಂದು ನನಗೆ ಎಂದೂ ಅನಿಸಿಲ್ಲ. ತನ್ನ ಬಾಳು ತನ್ನ ಮಗನಿಗೆ ಬರಬಾರದು ಎಂಬ ಹಂಬಲ ಅದರಲ್ಲಿದೆ. ಆ ಹಂಬಲಕ್ಕೆ ಬೇರೆ ದಾರಿ ಅವರಿಗೂ ಗೊತ್ತಿಲ್ಲ, ನಮಗೂ ಯಾರೂ ತೋರಿಸಲಿಲ್ಲ.

ಮಗು ಹೊಡೆಯುವುದನ್ನು ಎಲ್ಲಿ ಕಲಿಯುತ್ತದೆ? ಟಿ.ವಿ.ಯಿಂದ, ಮೊಬೈಲ್‌ನಿಂದ, ಕೆಟ್ಟ ಸಹವಾಸದಿಂದ ಎಂಬುದು ಸಾಮಾನ್ಯ ಉತ್ತರ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ರಿಚರ್ಡ್ ಟ್ರೆಂಬ್ಲೆ ಎಂಬ ಸಂಶೋಧಕರು ಸಾವಿರಾರು ಮಕ್ಕಳ ಬೆಳವಣಿಗೆಯನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ಈ ಪ್ರಶ್ನೆಯನ್ನೇ ತಿರುಗಿಸಿದರು. ಮನುಷ್ಯ ತನ್ನ ಆಯುಷ್ಯದಲ್ಲಿ ಅತಿ ಹೆಚ್ಚು ಸಲ ಹೊಡೆಯುವುದು, ಕಚ್ಚುವುದು, ದೂಡುವುದು ಹರೆಯದಲ್ಲಲ್ಲ. ಎರಡರಿಂದ ನಾಲ್ಕು ವರ್ಷದ ನಡುವೆ. ಅಲ್ಲಿಂದ ಮುಂದೆ ಹೆಚ್ಚಿನ ಮಕ್ಕಳಲ್ಲಿ ಅದು ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಎಂದರೆ ಹೊಡೆಯುವುದನ್ನು ಮಗುವಿಗೆ ಯಾರೂ ಕಲಿಸಬೇಕಿಲ್ಲ. ಹೊಡೆಯದೆ ಇರುವುದನ್ನು ಕಲಿಸಬೇಕು. ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ ಎಂದು ತೀರ್ಪು ಕೊಟ್ಟು ಕೈತೊಳೆದುಕೊಳ್ಳುವವರು ಇದನ್ನು ಗಮನಿಸಬೇಕು. ಮೂರು ವರ್ಷದ ಹೊಡೆಯುವ ಚಾಳಿ ಬಹುಪಾಲು ಮಕ್ಕಳಲ್ಲಿ ಏಳೆಂಟು ವರ್ಷಕ್ಕೇ ಕಡಿಮೆಯಾಗಿರುತ್ತದೆ. ಅದು ಇಳಿಯದೆ ಉಳಿಯುವ ಕೆಲವೇ ಮಕ್ಕಳಿಗೆ ನೆರವು ಬೇಕು, ಅದೂ ಬೇಗ ಬೇಕು. 1984ರಲ್ಲಿ ಮಾಂಟ್ರಿಯಲ್‌ನ ಬಡ ಬಡಾವಣೆಗಳ ಶಿಶುವಿಹಾರಗಳಿಂದ ಆರಿಸಿದ ಅತಿ ತುಂಟ ಹುಡುಗರಿಗೆ ಏಳರಿಂದ ಒಂಬತ್ತನೆಯ ವಯಸ್ಸಿನವರೆಗೆ ಎರಡು ವರ್ಷ ಶಾಲೆಯಲ್ಲಿ ಒಡನಾಟದ ಕೌಶಲ ಕಲಿಸಿ, ಮನೆಯಲ್ಲಿ ತಂದೆ ತಾಯಿಗೂ ತರಬೇತಿ ಕೊಟ್ಟರು. ಈ ನೆರವು ಸಿಗದ ಅಂಥದೇ ಹುಡುಗರಿಗಿಂತ ಅವರಲ್ಲಿ ಹೆಚ್ಚು ಮಂದಿ ಶಾಲೆ ಮುಗಿಸಿದರು ಎಂಬುದು ಅವರ ಇಪ್ಪತ್ತನೆಯ ವಯಸ್ಸು ದಾಟಿದ ಮೇಲೂ ಕಂಡುಬಂತು.

ನಮ್ಮ ಮನೆಗಳಲ್ಲಿ ಈ 'ಹೊಡೆಯದಿರುವ' ಪಾಠ ಹೇಗೆ ನಡೆಯುತ್ತದೆ? ನಡೆಯಲು ಕಲಿಯುವ ಕೂಸು ಹೊಸ್ತಿಲಿಗೆ ಎಡವಿ ಬಿದ್ದು ಅತ್ತರೆ ಅಜ್ಜಿ ಎತ್ತಿಕೊಂಡು ಹೊಸ್ತಿಲಿಗೆ ಎರಡೇಟು ಹಾಕುತ್ತಾಳೆ. "ನೋಡು, ಹೊಡೆದೆ. ಸುಮ್ಮನಾಗು." ಕೂಸು ಕಣ್ಣೀರಿನಲ್ಲೇ ನಗುತ್ತದೆ. ಪ್ರೀತಿಯಿಂದ ಮಾಡಿದ ಕೆಲಸ. ನನ್ನ ಅಜ್ಜಿಯೂ ಮಾಡಿದ್ದಾಳೆ, ನಾನು ನನ್ನ ಮಗಳಿಗೆ ಮಾಡಿದ್ದೇನೆ. ನೋವಾದರೆ ಯಾರಿಗಾದರೂ ಏಟು ಬೀಳಬೇಕು, ಆಗಲೇ ಸಮಾಧಾನ ಎಂಬ ಲೆಕ್ಕ ಮಾತ್ರ ಆ ಕೂಸಿನ ಮನಸ್ಸಿನಲ್ಲಿ ಕೂತುಬಿಡುತ್ತದೆ. ಮೊಟ್ಟೆಯ ಸಾಲಿನಲ್ಲಿ ನಡೆದದ್ದು ಅದೇ ಲೆಕ್ಕ. ನಾನು ಇಬ್ಬರ ಬೆನ್ನಿಗೆ ಬಾರಿಸಿದ್ದೂ ಅದೇ ಲೆಕ್ಕ.

ಈಗ ಕಾರ್ಯಕ್ರಮಗಳ ಒಳಗೆ ಏನಿರುತ್ತದೆ ನೋಡೋಣ. ಅಮೆರಿಕದ 'ಪಾಥ್ಸ್' ಎಂಬ ಕಾರ್ಯಕ್ರಮದ ಹುಟ್ಟು ನನಗೆ ಎಲ್ಲಕ್ಕಿಂತ ಹೆಚ್ಚು ಅರ್ಥಪೂರ್ಣವಾಗಿ ಕಂಡಿದೆ. ಮಾರ್ಕ್ ಗ್ರೀನ್‌ಬರ್ಗ್ ಮತ್ತು ಕ್ಯಾರಲ್ ಕುಶೆ ಅದನ್ನು 1980ರ ದಶಕದಲ್ಲಿ ಮೊದಲು ರೂಪಿಸಿದ್ದು ಕಿವುಡ ಮಕ್ಕಳಿಗಾಗಿ. ತಮ್ಮೊಳಗೆ ಆಗುತ್ತಿರುವುದಕ್ಕೆ ಹೆಸರಿಡಲು ಸಾಕಷ್ಟು ಭಾಷೆ ಕೈಗೆ ಸಿಗದ ಮಕ್ಕಳು ಕೈಯಿಂದ ಮಾತನಾಡುತ್ತಾರೆ. ಅವರಿಗೆ ಮೊದಲು ಭಾವನೆಗಳ ಪದಗಳನ್ನು ಕೊಡಬೇಕು ಎಂಬುದು ಅದರ ತಿರುಳು. ಆಮೇಲೆ ಅದು ಎಲ್ಲ ಮಕ್ಕಳ ತರಗತಿಗೂ ಹಬ್ಬಿತು. ಅದರಲ್ಲಿ ಪುಟಾಣಿಗಳಿಗೆ ಆಮೆಯ ಕತೆ ಇದೆ. ಸಿಟ್ಟು ಬಂದಾಗ ಆಮೆ ಚಿಪ್ಪಿನೊಳಗೆ ಹೋಗುತ್ತದೆ, ಉಸಿರೆಳೆದುಕೊಳ್ಳುತ್ತದೆ, ಹೊರಗೆ ಬಂದು ಏನಾಯಿತೆಂದು ಬಾಯಿಬಿಟ್ಟು ಹೇಳುತ್ತದೆ. ಮಕ್ಕಳು ಎದೆಯ ಮೇಲೆ ಕೈಕಟ್ಟಿಕೊಂಡು ಚಿಪ್ಪು ಮಾಡಿಕೊಳ್ಳುತ್ತಾರೆ. ಇದನ್ನು ಜಗಳದ ಹೊತ್ತಿನಲ್ಲಿ ಕಲಿಸುವುದಿಲ್ಲ. ಜಗಳವಿಲ್ಲದಾಗ, ಆಟದಂತೆ, ಮತ್ತೆ ಮತ್ತೆ ಆಡಿಸುತ್ತಾರೆ. ಈಜನ್ನು ಹೊಳೆ ತುಂಬಿ ಬಂದಾಗ ಯಾರೂ ಕಲಿಸುವುದಿಲ್ಲವಲ್ಲ.

ಭಾಷೆಯ ಮಾತು ಬಂದಾಗ ರಾಯಚೂರಿನ ಅಂಗನವಾಡಿಗಳನ್ನು ನೆನೆಯಬೇಕು. ಒಂದೇ ಚಾಪೆಯ ಮೇಲೆ ಮನೆಯಲ್ಲಿ ತೆಲುಗು ಆಡುವ ಮಗು, ದಖನಿ ಉರ್ದು ಆಡುವ ಮಗು, ತಾಂಡಾದಿಂದ ಬಂದು ಲಂಬಾಣಿ ಆಡುವ ಮಗು ಕೂತಿರುತ್ತವೆ. ಕಾರ್ಯಕರ್ತೆ ಕನ್ನಡದಲ್ಲಿ ಮಾತನಾಡುತ್ತಾರೆ. ಆಟಿಕೆ ಕಸಿದುಕೊಂಡವನಿಗೆ 'ಅದು ನನ್ನದು, ಕೊಡು' ಎನ್ನಲು ನಾಲ್ಕು ವರ್ಷದ ಮಗುವಿಗೆ ಅಲ್ಲಿ ನಡೆಯುವ ಭಾಷೆಯಲ್ಲಿ ಮಾತಿಲ್ಲ. ಅದು ಕಚ್ಚುತ್ತದೆ. ನಾವು ಅದಕ್ಕೆ ಹಟಮಾರಿ ಎಂದು ಹೆಸರಿಡುತ್ತೇವೆ. ಮೊದಲ ಆರು ತಿಂಗಳು ಮಗು ತನ್ನ ಸಿಟ್ಟನ್ನು ತನ್ನ ಮನೆಮಾತಿನಲ್ಲೇ ಹೇಳಲಿ, ಕಾರ್ಯಕರ್ತೆ ಆ ನಾಲ್ಕು ಪದಗಳನ್ನು ತಾವೇ ಕಲಿತುಕೊಳ್ಳಲಿ. ಇದಕ್ಕೆ ಆದೇಶ, ಅನುದಾನ ಯಾವುದೂ ಬೇಕಿಲ್ಲ.

ಕನ್ನಡದ ಮಕ್ಕಳಿಗೂ ಈ ಕೊರತೆ ತಪ್ಪಿದ್ದಲ್ಲ. ಅನುವಾದವಾಗಿ ಬರುವ ಚಾರ್ಟುಗಳಲ್ಲಿ ಮೂರು ದುಂಡು ಮುಖಗಳಿರುತ್ತವೆ: ಸಂತೋಷ, ದುಃಖ, ಕೋಪ. ನನ್ನ ಇಷ್ಟು ವರ್ಷಗಳಲ್ಲಿ 'ನನಗೆ ದುಃಖವಾಗಿದೆ' ಎಂದ ಏಳು ವರ್ಷದ ಮಗುವನ್ನು ನಾನು ಕಂಡಿಲ್ಲ. ನಮ್ಮ ಮಾತಿನಲ್ಲಿ ಸಿಟ್ಟು ಇದೆ, ಅಂಜಿಕೆ ಇದೆ, ನಾಚಿಕೆ, ಬೇಸರ, ಹೊಟ್ಟೆಕಿಚ್ಚು, ಸಂಕಟ, ಹಳಹಳಿ ಇವೆ. ಮುನಿಸು ಎಂಬ ಪದವೊಂದೇ ಒಂದು ಪಾಠದಷ್ಟಿದೆ. ಸಿಟ್ಟು ಯಾರ ಮೇಲಾದರೂ ಬರುತ್ತದೆ, ಮುನಿಸು ಬರುವುದು ಬೇಕಾದವರ ಮೇಲೆ ಮಾತ್ರ. ನಮ್ಮ ಎರಡನೆಯ ತರಗತಿಯಲ್ಲಿ ಒಬ್ಬ ಹುಡುಗಿ ಒಂದು ಚಳಿಗಾಲವಿಡೀ ಪಕ್ಕದಲ್ಲಿ ಕೂತವರನ್ನೆಲ್ಲ ಚಿವುಟುತ್ತಿದ್ದಳು. ಬೈದದ್ದಾಯಿತು, ದೂರ ಕೂರಿಸಿದ್ದಾಯಿತು. ಒಂದು ದಿನ ಹತ್ತಿರ ಕೂತು, "ನಿನಗೆ ಬರುವುದು ಸಿಟ್ಟೋ ಅಂಜಿಕೆಯೋ?" ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಎರಡೂ ಅಲ್ಲ ಸರ್, ಹೊಟ್ಟೆಯೊಳಗೆ ಸಂಕಟ" ಎಂದಳು. ಅವ್ವ, ಅಪ್ಪ ದೀಪಾವಳಿ ಮುಗಿಸಿ ಬೆಂಗಳೂರಿಗೆ ಗುಳೆ ಹೋಗಿದ್ದರು. ಮುದಗಲ್ಲಿನ ಮೊಹರಂ ಹೊತ್ತಿಗೆ ಬರುತ್ತೇವೆ ಎಂದಿದ್ದರಂತೆ. ಅದು ಎಷ್ಟು ದೂರವೆಂದು ಅವಳಿಗೆ ಗೊತ್ತಿರಲಿಲ್ಲ. ಇಬ್ಬರೂ ಗೋಡೆಯ ಕ್ಯಾಲೆಂಡರ್ ಹತ್ತಿರ ಹೋಗಿ ತಿಂಗಳುಗಳನ್ನು ಎಣಿಸಿದೆವು. ಚಿವುಟುವುದು ಅಂದೇ ನಿಲ್ಲಲಿಲ್ಲ. ಆದರೆ ಅಂದಿನಿಂದ ಚಿವುಟುವ ಮೊದಲು ಒಮ್ಮೊಮ್ಮೆ ನನ್ನ ಹತ್ತಿರ ಬಂದು, "ಸರ್, ಸಂಕಟ" ಎನ್ನುತ್ತಿದ್ದಳು.

ಕೆನಡಾದಲ್ಲಿ ಮೇರಿ ಗಾರ್ಡನ್ ಎಂಬ ಶಿಕ್ಷಕಿ 1996ರಲ್ಲಿ ಟೊರೊಂಟೊದಲ್ಲಿ ಶುರುಮಾಡಿದ 'ರೂಟ್ಸ್ ಆಫ್ ಎಂಪಥಿ' ಎಂಬ ಕಾರ್ಯಕ್ರಮ ಇನ್ನೊಂದು ಬಗೆಯದು. ಅಲ್ಲಿ ನೆರೆಹೊರೆಯ ಒಂದು ಹಸುಗೂಸನ್ನು ತಾಯಿ ಅಥವಾ ತಂದೆ ವರ್ಷವಿಡೀ ಆಗಾಗ ತರಗತಿಗೆ ಕರೆತರುತ್ತಾರೆ. ಮಕ್ಕಳು ಸುತ್ತ ಕೂತು, ಕೂಸು ಈಗ ಏಕೆ ಅತ್ತಿತು, ಏನು ಬೇಕಾಗಿದೆ ಎಂದು ಊಹಿಸುತ್ತಾರೆ. ಮಾತು ಬಾರದ ಜೀವದ ಮನಸ್ಸನ್ನು ಓದುತ್ತ ಓದುತ್ತ ಪಕ್ಕದಲ್ಲಿ ಕೂತವನ ಮನಸ್ಸನ್ನೂ ಓದಲು ಕಲಿಯುತ್ತಾರೆ. ಇದನ್ನು ಓದಿದಾಗ ನನಗೆ ನಮ್ಮ ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ದಿನಗಳು ಕಣ್ಣಮುಂದೆ ಬಂದವು. ಅವ್ವ ಹೊಲಕ್ಕೆ ಹೋದಾಗ ಮೂರನೆಯ ತರಗತಿಯ ಹುಡುಗಿ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡೇ ಶಾಲೆಗೆ ಬರುತ್ತಾಳೆ. ಟೊರೊಂಟೊದಲ್ಲಿ ಕರೆದು ಕೂರಿಸುವ ಅತಿಥಿಯನ್ನು ನಾವು "ಮನೆಯಲ್ಲಿ ಬಿಟ್ಟು ಬಾ" ಎಂದು ಬಾಗಿಲಿನಿಂದಲೇ ಕಳುಹಿಸುತ್ತೇವೆ. ಕೂಸನ್ನು ಹೊರುವ ಹೊರೆ ಆ ಹುಡುಗಿಯ ಮೇಲೆ ಬೀಳಬಾರದು, ಅದಕ್ಕೆ ಅಂಗನವಾಡಿ, ಕೂಲಿಗೆ ಹೋಗುವವರ ಕೂಸುಗಳನ್ನು ನೋಡಿಕೊಳ್ಳುವ ಸರ್ಕಾರದ 'ಕೂಸಿನ ಮನೆ' ಸರಿಯಾಗಿ ನಡೆಯಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಬಂದ ದಿನ ಅವಳನ್ನು ಹಿಂದಕ್ಕೆ ಕಳುಹಿಸುವ ಬದಲು ವೃತ್ತದ ನಡುವೆ ಕೂರಿಸಿ, "ಕೂಸಿಗೆ ಈಗ ಏನಾಗಿದೆ, ನೀನೇ ಹೇಳು" ಎಂದರೆ ಅಂದು ಆ ತರಗತಿಯಲ್ಲಿ ಅವಳೇ ಗುರು. ನಾನು ಎರಡು ಸಲ ಹೀಗೆ ಮಾಡಿದ್ದೇನೆ. ಸದಾ ದೂಡಾಡುವ ಹುಡುಗರು ಆ ಕೂಸಿನ ಹೆಬ್ಬೆರಳನ್ನು ಮುಟ್ಟಲು ಎಷ್ಟು ಮೆಲ್ಲಗೆ ಕೈಚಾಚಿದರೆಂದರೆ, ಅವೇ ಕೈಗಳೇ ಎಂದು ನಾನು ನೋಡುತ್ತ ನಿಂತೆ.

ಕೆನಡಾ, ಅಮೆರಿಕದ ಕತೆ ನಮಗೆ ಹೊಂದುವುದಿಲ್ಲ ಎನ್ನುವವರಿಗೆ ಜಮೈಕಾದ ಕತೆ ಹೇಳಬೇಕು. ಬಡತನ, ಬೀದಿಯ ಹಿಂಸೆ, ಮಕ್ಕಳನ್ನು ಹೊಡೆದೇ ಬೆಳೆಸಬೇಕೆಂಬ ನಂಬಿಕೆ ಮೂರೂ ಇರುವ ನಾಡು ಅದು. ಅಲ್ಲಿನ ಕಿಂಗ್‌ಸ್ಟನ್ ನಗರದ 76 ಶಿಶುವಿಹಾರಗಳಲ್ಲಿ ಹೆಲೆನ್ ಬೇಕರ್-ಹೆನಿಂಗ್‌ಹ್ಯಾಮ್ ಮತ್ತವರ ತಂಡ ಒಂದು ಪ್ರಯೋಗ ನಡೆಸಿತು. ಅರ್ಧ ಶಾಲೆಗಳ ಶಿಕ್ಷಕಿಯರಿಗೆ ತರಬೇತಿ ಕೊಟ್ಟು, ಉಳಿದವುಗಳೊಂದಿಗೆ ಹೋಲಿಸಿದರು. ಆ ತರಬೇತಿಯಲ್ಲಿ ಮಕ್ಕಳ ಹಕ್ಕುಗಳ ಭಾಷಣಕ್ಕಿಂತ ಕೈಕೆಲಸ ಹೆಚ್ಚು. ಮಗು ಮಾಡಿದ ಒಳ್ಳೆಯ ಕೆಲಸವನ್ನು ಹೆಸರಿಟ್ಟು ಹೊಗಳುವುದು: 'ಜಾಣ' ಎಂದು ಬಿಟ್ಟುಬಿಡದೆ 'ನೀನು ಪೆನ್ಸಿಲ್ ಹಂಚಿಕೊಂಡೆ' ಎನ್ನುವುದು. ನಿಯಮಗಳು ಮೂರು ನಾಲ್ಕೇ ಇರಬೇಕು, 'ಓಡಬೇಡ' ಎನ್ನುವ ಬದಲು 'ನಡೆದು ಬಾ' ಎನ್ನಬೇಕು, ಅದನ್ನು ಮಕ್ಕಳಿಂದ ಮಾಡಿಸಿ ನೋಡಬೇಕು. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವ ಗದ್ದಲದ ಹೊತ್ತಿಗೆ ಒಂದು ಹಾಡು ಇರಬೇಕು. ಇದನ್ನೆಲ್ಲ ಶಿಕ್ಷಕಿಯರು ಮೊದಲು ತಾವೇ ನಟಿಸಿ ರೂಢಿ ಮಾಡಿಕೊಂಡರು. ಆಮೇಲೆ ತರಬೇತಿ ಕೊಟ್ಟವರು ತರಗತಿಗೇ ಬಂದು ಪಕ್ಕದಲ್ಲಿ ನಿಂತು ಮಾಡಿ ತೋರಿಸಿದರು. ಶಿಕ್ಷಕಿಯರು ಮಕ್ಕಳನ್ನು ಹೊಡೆಯುವುದು, ಬೈಯುವುದು ಎದ್ದು ಕಾಣುವಷ್ಟು ಇಳಿಯಿತು; ಒಂದು ವರ್ಷದ ನಂತರ ನೋಡಿದಾಗಲೂ ಆ ಇಳಿತ ಉಳಿದಿತ್ತು.

ಉಗಾಂಡಾದ ಲುವೇರೊ ಜಿಲ್ಲೆಯ 42 ಪ್ರಾಥಮಿಕ ಶಾಲೆಗಳ ಪ್ರಯೋಗವೂ ಇದೇ ದಾರಿಯದು. 'ರೈಸಿಂಗ್ ವಾಯ್ಸಸ್' ಎಂಬ ಸಂಸ್ಥೆ ಇಡೀ ಶಾಲೆಯ ವಾತಾವರಣವನ್ನೇ ಬದಲಿಸುವ ಕಾರ್ಯಕ್ರಮ ನಡೆಸಿದ ಮೇಲೆ, ಹಿಂದಿನ ವಾರ ಶಾಲೆಯ ಸಿಬ್ಬಂದಿಯಿಂದ ಏಟು ತಿಂದೆವು ಎಂದ ಮಕ್ಕಳು ಆ ಶಾಲೆಗಳಲ್ಲಿ ಶೇ 31ರಷ್ಟಿದ್ದರು. ಕಾರ್ಯಕ್ರಮವಿಲ್ಲದ ಶಾಲೆಗಳಲ್ಲಿ ಶೇ 49ರಷ್ಟು. 2015ರಲ್ಲಿ ಪ್ರಕಟವಾದ ಈ ಅಂಕಿಗಳನ್ನು ನಾನು ಎರಡು ರೀತಿ ಓದುತ್ತೇನೆ. ಇಳಿತ ದೊಡ್ಡದು. ಶೇ 31 ಕೂಡ ದೊಡ್ಡದೇ. ಇಂಥ ಕೆಲಸ ಒಂದು ಅವಧಿಯ ಯೋಜನೆಯಲ್ಲಿ ಮುಗಿಯುವುದಿಲ್ಲ.

ಹಾಗಾದರೆ ಎಲ್ಲವನ್ನೂ ಶಿಕ್ಷಕರಿಗೇ ಒಪ್ಪಿಸಿಬಿಡೋಣವೇ? ಇಲ್ಲಿ ಎರಡು ಸಾಕ್ಷ್ಯಗಳು ಒಂದಕ್ಕೊಂದು ಎದುರಾಗುತ್ತವೆ. 2011ರಲ್ಲಿ ಜೋಸೆಫ್ ಡರ್ಲಾಕ್ ಮತ್ತು ಸಂಗಡಿಗರು 213 ಶಾಲಾ ಕಾರ್ಯಕ್ರಮಗಳನ್ನು, ಒಟ್ಟು 2,70,034 ವಿದ್ಯಾರ್ಥಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ತರಗತಿಯ ಶಿಕ್ಷಕರೇ ನಡೆಸಿದ ಕಾರ್ಯಕ್ರಮಗಳು ಚೆನ್ನಾಗಿ ಫಲ ಕೊಟ್ಟಿದ್ದವು. ಮಕ್ಕಳ ನಡತೆಯ ಜೊತೆಗೆ ಓದೂ ಸುಧಾರಿಸಿತ್ತು, ಸರಾಸರಿ 11 ಪರ್ಸೆಂಟೈಲ್‌ನಷ್ಟು, ಎಂದರೆ ನೂರು ಮಕ್ಕಳ ಸಾಲಿನ ನಡುವಿನ ಮಗು ಹನ್ನೊಂದು ಸ್ಥಾನ ಮುಂದೆ ಬಂದಷ್ಟು. 'ಓದು, ಲೆಕ್ಕಕ್ಕೇ ಹೊತ್ತು ಸಾಲದು, ಇದೆಲ್ಲ ಯಾವಾಗ?' ಎನ್ನುವ ನನ್ನ ಸಹೋದ್ಯೋಗಿಗಳಿಗೆ ನಾನು ಕೊಡುವ ಉತ್ತರ ಇದೇ ಅಂಕಿ. ಆದರೆ ನಮ್ಮ ದೇಶದ್ದೇ ಬಿಹಾರದ ನಾಲಂದಾ ಜಿಲ್ಲೆಯಲ್ಲಿ 74 ಪ್ರೌಢಶಾಲೆಗಳಲ್ಲಿ ನಡೆದ 'ಸೆಹೆರ್' ಪ್ರಯೋಗ ಬೇರೆ ಮಾತು ಹೇಳಿತು. ಕೆಲವು ಶಾಲೆಗಳಲ್ಲಿ ಕಾರ್ಯಕ್ರಮವನ್ನು ಅದಕ್ಕೆಂದೇ ನೇಮಿಸಿದ ಸ್ಥಳೀಯ ಸಲಹೆಗಾರರು ನಡೆಸಿದರು, ಕೆಲವು ಕಡೆ ಅಲ್ಲಿನ ಶಿಕ್ಷಕರೊಬ್ಬರು. ಸಲಹೆಗಾರರಿದ್ದ ಶಾಲೆಗಳಲ್ಲಿ ಕಿರುಕುಳ, ಹಿಂಸೆ ಇಳಿದವು, ಶಾಲೆಯ ವಾತಾವರಣ ಸುಧಾರಿಸಿತು. ಶಿಕ್ಷಕರಿಗೆ ಒಪ್ಪಿಸಿದ ಕಡೆ ಏನೂ ಬದಲಾಗಲಿಲ್ಲ. 2018ರಲ್ಲಿ ಇದು ಪ್ರಕಟವಾಯಿತು.

ಅದು ಒಂಬತ್ತನೆಯ ತರಗತಿಯ ಮಕ್ಕಳ ಪ್ರಯೋಗ, ನಿಜ. ಆರು ವರ್ಷದ ಮಗುವಿಗೆ ಹೊರಗಿನಿಂದ ವಾರಕ್ಕೊಮ್ಮೆ ಬರುವ ಸಲಹೆಗಾರರು ಸಾಲುವುದಿಲ್ಲ. ಅದರ ಇಡೀ ದಿನ ಕಳೆಯುವುದು ಒಬ್ಬರೇ ಶಿಕ್ಷಕರ ಕಣ್ಣೆದುರಿಗೆ, ಆದ್ದರಿಂದ ಆ ಶಿಕ್ಷಕರೇ ಕಲಿಸಬೇಕು. ಆದರೂ ಬಿಹಾರದ ಎಚ್ಚರಿಕೆಯನ್ನು ನಾವು ಕಿವಿಗೆ ಹಾಕಿಕೊಳ್ಳಲೇಬೇಕು. ಈಗಾಗಲೇ ಹೊರೆ ಹೊತ್ತ ಹೆಗಲಿಗೆ ಇನ್ನೊಂದು ಹೊರೆ ಏರಿಸಿದರೆ ಅದು ಕಾಗದದ ಮೇಲೆ ಮಾತ್ರ ನಡೆಯುತ್ತದೆ. ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಖಾಲಿ ಹುದ್ದೆಗಳು ಹೊಸ ಸುದ್ದಿಯಲ್ಲ. ಜಾಗ ತುಂಬುವ ಅತಿಥಿ ಶಿಕ್ಷಕರು ವರ್ಷದ ಕೊನೆಗೆ ಹೊರಟುಹೋಗುತ್ತಾರೆ. ಅವರಿಗೆ ಕೊಟ್ಟ ತರಬೇತಿಯೂ ಅವರೊಡನೆ ಹೋಗುತ್ತದೆ. ಒಂದು, ಎರಡು, ಮೂರನೆಯ ತರಗತಿಯನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡ ಶಿಕ್ಷಕಿ ಮೊಟ್ಟೆಯ ಲೆಕ್ಕವನ್ನೂ ಬರೆಯಬೇಕು, ಆ್ಯಪ್‌ಗೆ ಹಾಜರಾತಿಯನ್ನೂ ಹಾಕಬೇಕು. ಕೈ ಬೇಗ ಏಳುವುದು ದಣಿದ ಮನುಷ್ಯನದೇ. ಇದು ಕ್ಷಮಾಪಣೆಯಲ್ಲ, ಕಾರಣ. ಕಾರಣವನ್ನು ಬಿಟ್ಟು ಶಿಕ್ಷಕರಿಗೆ ನೋಟಿಸು ಕೊಡುತ್ತ ಹೋದರೆ ಬೆತ್ತ ಬೀರುವಿನ ಹಿಂದೆ ಇನ್ನಷ್ಟು ಒಳಕ್ಕೆ ಹೋಗುತ್ತದೆ.

ನಮ್ಮಲ್ಲಿ ಇನ್ನೊಂದು ಅಪಾಯವಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. 'ಒಡನಾಟದ ಕೌಶಲ' ಎಂಬುದು ಸುಲಭವಾಗಿ 'ಸುಮ್ಮನಿರುವ ಕೌಶಲ' ಆಗಿಬಿಡುತ್ತದೆ. ಶಾಂತವಾಗಿರು, ಹೊಂದಿಕೊಂಡು ಹೋಗು, ಕ್ಷಮಿಸಿಬಿಡು ಎಂಬುದನ್ನು ನಾವು ಮೊದಲು ಹೇಳುವುದು ಹುಡುಗಿಗೆ, ಕೇರಿಯಿಂದ ಬಂದ ಮಗುವಿಗೆ. ಜಾತಿಯ ಹೆಸರಿನಿಂದ ಕರೆಸಿಕೊಂಡ ಹುಡುಗ ತಿರುಗಿಬಿದ್ದರೆ, ಕರೆದವನಿಗಿಂತ ಹೆಚ್ಚು ಬೈಗುಳ ತಿನ್ನುವುದು ತಿರುಗಿಬಿದ್ದವನೇ. ಈ ಹುಡುಗನಿಗೆ ಆಮೆಯ ಚಿಪ್ಪು ತೋರಿಸಿ ಒಳಗೆ ಹೋಗು ಎನ್ನುವುದು ಅನ್ಯಾಯ. ಚಿಪ್ಪಿನಿಂದ ಹೊರಬಂದು ಎಲ್ಲರೆದುರು ಗಟ್ಟಿಯಾಗಿ 'ನನ್ನನ್ನು ಹಾಗೆ ಕರೆಯಬೇಡ' ಎನ್ನಲು ಅವನಿಗೆ ಬರಬೇಕು. ಅದನ್ನು ಕೇಳಿದ ಶಿಕ್ಷಕರು ಅಂದೇ, ಅಲ್ಲಿಯೇ ಅವನ ಪಕ್ಕ ನಿಲ್ಲಬೇಕು. ಹಾಗೆಯೇ ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶದ ಪಾಠ ಹೇಳಿ, ತನ್ನನ್ನು ಕಾಪಾಡಿಕೊಳ್ಳುವ ಜವಾಬ್ದಾರಿಯನ್ನು ಆರು ವರ್ಷದ ಮಗುವಿನ ಹೆಗಲಿಗೆ ಹಾಕಿ ನಾವು ನೆಮ್ಮದಿಯಾಗಿ ಮನೆಗೆ ಹೋಗುವಂತಿಲ್ಲ. ಮಗು ಹೇಳಿದ್ದನ್ನು ನಂಬುವುದು, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದು ದೊಡ್ಡವರ ಕೆಲಸ.

ಉಸಿರಾಟದ ವ್ಯಾಯಾಮ, ಧ್ಯಾನದ ಮೇಲೆ ಈಗ ಬಹಳ ಭರವಸೆ ಇದೆ. ಬ್ರಿಟನ್‌ನಲ್ಲಿ 85 ಶಾಲೆಗಳ ಎಂಟು ಸಾವಿರಕ್ಕೂ ಹೆಚ್ಚು ಹದಿಹರೆಯದ ಮಕ್ಕಳಿಗೆ ಇಂಥ ಪಾಠ ಮಾಡಿ ನೋಡಿದರು. 2022ರಲ್ಲಿ ಬಂದ ಫಲಿತಾಂಶದ ಪ್ರಕಾರ ಅದು ಮಾಮೂಲಿ ತರಗತಿಗಿಂತ ಹೆಚ್ಚಿನ ಪ್ರಯೋಜನ ಕೊಡಲಿಲ್ಲ. ಕಣ್ಣುಮುಚ್ಚಿ ಕೂರುವುದಕ್ಕೆ ನನ್ನ ವಿರೋಧವಿಲ್ಲ. ಅದೊಂದರಿಂದಲೇ ಕೆಲಸ ಆಯಿತೆಂದು ವರದಿ ಬರೆಯುವುದಕ್ಕೆ ವಿರೋಧವಿದೆ.

ನಮ್ಮ ಕೈಯಲ್ಲಿ ಆಗಲೇ ಏನಿದೆ? ನಲಿ-ಕಲಿ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಆರಂಭವಾಗಿ 2009-10ರ ಹೊತ್ತಿಗೆ ರಾಜ್ಯಕ್ಕೆಲ್ಲ ಹಬ್ಬಿದ ಈ ಪದ್ಧತಿಯಲ್ಲಿ ಮಕ್ಕಳು ಒಬ್ಬರ ಬೆನ್ನ ಹಿಂದೆ ಒಬ್ಬರು ಕೂರುವುದಿಲ್ಲ, ಗುಂಪಿನಲ್ಲಿ ದುಂಡಗೆ ಕೂರುತ್ತಾರೆ. ಪಾಠ ಬಾರದವರು ಬರುವವರನ್ನು ಕೇಳುತ್ತಾರೆ. ಕಾರ್ಡು ಹಂಚಿಕೊಳ್ಳಬೇಕು, ಸರದಿ ಕಾಯಬೇಕು. ಹೊಂದಿಕೊಂಡು ಬಾಳುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಹಂದರ ಬೇರೆ ಬೇಕೇ? ಹೊಸ ಪುಸ್ತಕ, ಹೊಸ ಅವಧಿ ಬೇಡ. ಮಕ್ಕಳು ದಿನವೂ ಬಿಸಿಲು, ಮೋಡ ಗುರುತಿಸುವ ಹವಾಮಾನ ಚಾರ್ಟ್ ಪಕ್ಕದಲ್ಲಿ ನಾನು ಇನ್ನೊಂದು ಹಾಳೆ ಅಂಟಿಸಿದೆ: ನಿನ್ನ ಒಳಗಿನ ಹವಾಮಾನ. ರಾಯಚೂರಿನ ಮಕ್ಕಳಿಗೆ ಮೋಡವೆಂದರೆ ಖುಷಿ, ಸುಡುಬಿಸಿಲೆಂದರೆ ಸಿಟ್ಟು. ಪಟ್ಟಣದಲ್ಲಿ ಅಚ್ಚಾದ ಚಾರ್ಟಿನಲ್ಲಿ ಇದು ತಿರುಗುಮುರುಗಾಗಿರುತ್ತದೆ.

ಮೊಟ್ಟೆಯ ಸಾಲಿಗೆ ಪರಿಹಾರ ಹೇಳಿದ್ದು ಅಡುಗೆ ಮಾಡುವ ಅಮ್ಮ. "ಸರ್, ಅವರಿಗೆ ಪಾತ್ರೆ ಕಾಣುವುದಿಲ್ಲ, ಅದಕ್ಕೇ ಅಂಜುತ್ತಾರೆ" ಎಂದರು. ಮರುದಿನದಿಂದ ಬಡಿಸುವ ಮೊದಲು ಇಬ್ಬರು ಮಕ್ಕಳು ಮೊಟ್ಟೆಗಳನ್ನು ಗಟ್ಟಿಯಾಗಿ ಎಣಿಸತೊಡಗಿದರು. ಮಕ್ಕಳನ್ನೂ ಎಣಿಸಿದರು. ಎರಡೂ ಸಂಖ್ಯೆ ಸರಿಹೋದ ಮೇಲೆ ಸಾಲು ಹೊರಡುತ್ತಿತ್ತು. ಮೊದಲ ವಾರ ಎಣಿಸಿದ್ದು ಆ ತಟ್ಟೆ ಬೀಸಿದ ಹುಡುಗ. ನೂಕಾಟ ಪೂರಾ ನಿಂತಿತು ಎನ್ನಲಾರೆ, ಆದರೆ ಆಮೇಲೆ ತಟ್ಟೆಯ ಏಟು ಬೀಳಲಿಲ್ಲ. ಹುಬ್ಬಿಗೆ ಗಾಯವಾದವನ ಅಂಗಿಗೆ ತನ್ನ ಮನೆಯಿಂದ ಗುಂಡಿ ತಂದುಕೊಡುತ್ತೇನೆ ಎಂದ ಅವನು. ಕಿತ್ತದ್ದು ತನ್ನ ಅಂಗಿಯದೇ ಗುಂಡಿ ಎಂಬುದು ಅವನಿಗೆ ಮರೆತೇಹೋಗಿತ್ತು.

ಜಿಲ್ಲೆಯ ಮಟ್ಟದಲ್ಲಿ ಬೇಕಾಗಿರುವುದು ಇಂಥ ಕಣ್ಣುಳ್ಳ ಒಬ್ಬ ಮನುಷ್ಯ. ಹದಿನೈದು ದಿನಕ್ಕೊಮ್ಮೆ ಒಂದು ಶಾಲೆಯಲ್ಲಿ ಅರ್ಧ ದಿನ ಕೂತು, ತರಗತಿ ನೋಡಿ, ಶಿಕ್ಷಕಿಯ ಪಕ್ಕ ನಿಂತು ಮಾಡಿ ತೋರಿಸುವವರು. ಜಮೈಕಾದಲ್ಲಿ ಕೆಲಸ ಮಾಡಿದ್ದು ಈ ಜೊತೆಯಿರುವಿಕೆ. ಸಭಾಂಗಣದಲ್ಲಿ ನೂರೈವತ್ತು ಮಂದಿಯನ್ನು ಕೂರಿಸಿ ಪರದೆಯ ಮೇಲೆ ಚಿತ್ರ ತೋರಿಸಿದ್ದಲ್ಲ. ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರ್‌ಗೆ ಒಬ್ಬರಂತೆ ಸಿ.ಆರ್.ಪಿ.ಗಳು, ಎಂದರೆ ಸಂಪನ್ಮೂಲ ವ್ಯಕ್ತಿಗಳು, ಈಗಲೇ ಇದ್ದಾರೆ. ಅವರ ಕೆಲಸದಿಂದ ಅಂಕಿಅಂಶ ಹೊತ್ತು ತಿರುಗುವುದನ್ನು ಅರ್ಧ ತೆಗೆದು ಇದನ್ನು ಕೊಟ್ಟರೆ ಅರ್ಧ ದಾರಿ ಮುಗಿಯಿತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಕೋಣೆಗಳು ಏಳುತ್ತಿವೆ. ಸರ್ಕಾರಿ ಶಾಲೆಗಳಲ್ಲಿ ಎಲ್.ಕೆ.ಜಿ., ಯು.ಕೆ.ಜಿ. ತರಗತಿಗಳು ಶುರುವಾಗಿವೆ. ಟ್ರೆಂಬ್ಲೆ ಹೇಳಿದ ಅದೇ ವಯಸ್ಸು ಈಗ ನಮ್ಮ ಶಾಲೆಯ ಬಾಗಿಲೊಳಗೆ ಬಂದಿದೆ. ಅವರಿಗಾಗಿ ನೇಮಕವಾಗುವ ಶಿಕ್ಷಕಿಯರ ಮೊದಲ ತರಬೇತಿ ಅಕ್ಷರದ ಹಾಡುಗಳಿಗಷ್ಟೇ ಮೀಸಲಾಗದಿರಲಿ. ಕಚ್ಚಿದ ಮಗುವನ್ನು, ಕಚ್ಚಿಸಿಕೊಂಡ ಮಗುವನ್ನು ಒಟ್ಟಿಗೆ ಮಡಿಲಲ್ಲಿ ಹೇಗೆ ಕೂರಿಸಿಕೊಳ್ಳುವುದು ಎಂಬುದನ್ನು ಯಾರಾದರೂ ಅವರಿಗೆ ಮಾಡಿ ತೋರಿಸಲಿ.

ಶಾಲೆಗೆ ಭೇಟಿ ಕೊಡುವವರು ತುಂಬುವ ನಮೂನೆಯನ್ನು ನಾನು ಮೊನ್ನೆ ಮತ್ತೊಮ್ಮೆ ತಿರುವಿ ನೋಡಿದೆ. ಎಷ್ಟು ಮಕ್ಕಳು ಓದುತ್ತಾರೆ, ಎಷ್ಟು ಮಕ್ಕಳು ಕಳೆಯುವ ಲೆಕ್ಕ ಮಾಡುತ್ತಾರೆ, ಶೌಚಾಲಯಕ್ಕೆ ನೀರು ಇದೆಯೇ, ಎಲ್ಲಕ್ಕೂ ಕಾಲಂ ಇದೆ. ಮಧ್ಯಾಹ್ನ ಒಂದೂವರೆಗೆ ಆ ಸಾಲು ಹೇಗೆ ನಿಂತಿತ್ತು ಎಂದು ಬರೆಯಲು ಜಾಗವಿರಲಿಲ್ಲ. ಮುಖ್ಯ ಗುರುಗಳನ್ನು ಕೇಳಿ ಹಾಳೆಯ ಹಿಂಬದಿಯಲ್ಲಿ ಒಂದು ಗೆರೆ ಎಳೆದು, ಕೈಯಲ್ಲೇ ಆ ಕಾಲಂ ಬರೆದಿಟ್ಟಿದ್ದೇವೆ.